ಜೋಳದ ಕಾಳಿನಷ್ಟು ಸರಿದ ಚುಕ್ಕೆ

ನಿಮ್ಮ ತಲೆಯಲ್ಲಿ ಒಂದು ಕಲ್ಲಿದೆ ಎಂದರೆ ನನ್ನ ಮೇಲೆ ಸಿಟ್ಟಿಗೇಳುತ್ತೀರಾ?

ಏಳಿ, ಅಡ್ಡಿಯಿಲ್ಲ. ಆದರೆ ಕಲ್ಲು ಇರುವುದು ಹೌದು. ವಯಸ್ಸಿಗೆ ಬಂದ ಬಹಳಷ್ಟು ಜನರ ಮಿದುಳಿನ ನಟ್ಟನಡುವೆ ಸಜ್ಜೆ ಕಾಳಿನಷ್ಟು ಒಂದು ಗ್ರಂಥಿ ಸುಣ್ಣಗಟ್ಟಿ ಕೂತಿರುತ್ತದೆ. ತಲೆಯ ಎಕ್ಸ್-ರೇ ತೆಗೆದರೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಡಾಕ್ಟರುಗಳು ಅದನ್ನು ಪೀನಿಯಲ್ ಎನ್ನುತ್ತಾರೆ, ನಾನು ಚುಕ್ಕೆ ಎನ್ನುತ್ತೇನೆ. ಇವತ್ತು ಎಕ್ಸ್-ರೇ, ಸ್ಕ್ಯಾನಿಂಗ್ ಕೋರ್ಸಿಗೆ ಸೇರಿರುವ ನಿಮಗೆ ಆ ಚುಕ್ಕೆಯನ್ನು ಯಾರೂ ತೋರಿಸಲಿಕ್ಕಿಲ್ಲ. ನಿಮಗೆ ಅದರ ಅಗತ್ಯವೂ ಇಲ್ಲ. ಮಿದುಳನ್ನು ಸೌತೆಕಾಯಿ ಹೆಚ್ಚಿದ ಹಾಗೆ ಹೋಳು ಹೋಳಾಗಿ ತೋರಿಸುವ ಯಂತ್ರ ನಿಮ್ಮ ಕೈಯಲ್ಲಿದೆ. ನಮ್ಮ ಕಾಲದಲ್ಲಿ, ನಮ್ಮ ಕಡೆ, ತಲೆಬುರುಡೆಯ ಒಳಗೆ ಏನಾಗಿದೆ ಎಂದು ಹೇಳುವ ಸಾಕ್ಷಿ ಎಂದರೆ ಆ ಚುಕ್ಕೆಯೊಂದೇ. ಅದನ್ನು ನಂಬಿ ಒಮ್ಮೆ ನಾನು ಮಾನ ಕಳೆದುಕೊಂಡೆ. ಇನ್ನೊಮ್ಮೆ ನಂಬಿದ್ದರಿಂದ ಏನಾಯಿತು ಎಂಬುದನ್ನು ಹೇಳಲಿಕ್ಕೇ ಇಷ್ಟು ದಿನ ಕಷ್ಟಪಟ್ಟು ಫೋನಿನಲ್ಲಿ ಟೈಪು ಮಾಡುವುದನ್ನು ಕಲಿತಿದ್ದೇನೆ.

ನಾನು ಕೆಲಸ ಕಲಿತದ್ದು ಎಂಬತ್ತರ ದಶಕದಲ್ಲಿ, ಲಿಂಗಸುಗೂರಿನ ಒಂದು ಸಣ್ಣ ಎಕ್ಸ್-ರೇ ಅಂಗಡಿಯಲ್ಲಿ. ಹೌದು, ಅಂಗಡಿ ಅಂತಲೇ ಕರೆಯುತ್ತಿದ್ದರು. ಅದರ ಒಡೆಯರು ಖಾಸಿಂಸಾಬರು. ಊರಿಗೆಲ್ಲ ಅವರು ಉಸ್ತಾದ್. ನಾನು ಸೇರಿದ ಮೊದಲ ದಿನ ಅವರು ಕೇಳಿದ ಪ್ರಶ್ನೆ ಒಂದೇ.

"ನೀಲವ್ವ, ಕತ್ತಲಿಗೆ ಹೆದರ್ತಿಯೇನು?"

"ಇಲ್ರಿ. ಹಲ್ಲಿಗೆ ಹೆದರ್ತೀನಿ."

"ಹಂಗಾರ ಪಾಸ್. ಹಲ್ಲಿ ಒಳಗ ಬರೂದಿಲ್ಲ, ಔಷಧದ ನಾತಕ್ಕ ಸಾಯ್ತೈತಿ."

ಒಳಗೆ ಎಂದರೆ ಫಿಲಂ ತೊಳೆಯುವ ಕತ್ತಲೆ ಕೋಣೆ. ಒಂದು ಕೆಂಪು ದೀಪ, ಮೂರು ತೊಟ್ಟಿ ಔಷಧ. ಫಿಲಂ ಅನ್ನು ಮೊದಲ ತೊಟ್ಟಿಯಲ್ಲಿ ಇಂತಿಷ್ಟೇ ಹೊತ್ತು ಅದ್ದಬೇಕು. ಕಡಿಮೆಯಾದರೆ ಚಿತ್ರ ಮೂಡದು, ಹೆಚ್ಚಾದರೆ ಕಾಡಿಗೆಯಾಗುತ್ತದೆ. ಗಡಿಯಾರ ಒಂದಿತ್ತು, ಆದರೆ ಅದಕ್ಕೆ ಕೀಲಿ ಕೊಟ್ಟವರ ಮೇಲೆ ಸಿಟ್ಟಿದ್ದ ಹಾಗೆ ಬೇಕಾದಾಗ ನಿಲ್ಲುತ್ತಿತ್ತು. ನಾನು ಒಂದು ಉಪಾಯ ಮಾಡಿದೆ. ನಮ್ಮವ್ವನ ಜೊತೆ ಕೂತು ಜೋಳ ಬೀಸುವಾಗ ಹಾಡುತ್ತಿದ್ದ ಪದಗಳಿದ್ದವಲ್ಲ, ಅವನ್ನೇ ಹಾಡಿದೆ. ನಾಲ್ಕು ನುಡಿ ಮುಗಿಯುವ ಹೊತ್ತಿಗೆ ಫಿಲಂ ಸರಿಯಾಗಿ ಮೂಡುತ್ತಿತ್ತು. ಚಳಿಗಾಲದಲ್ಲಿ ಔಷಧ ತಣ್ಣಗಿರುತ್ತದೆ, ಆಗ ಐದು ನುಡಿ. ಹೊರಗೆ ಬೆಂಚಿನ ಮೇಲೆ ಕಾಲು ಮುರಿದುಕೊಂಡು ಕೂತವರು, "ಒಳಗ ಯಾರದರ ಮದಿವಿ ನಡದೈತೇನ್ರಿ?" ಎಂದು ಉಸ್ತಾದರನ್ನು ಕೇಳುತ್ತಿದ್ದರು. ಉಸ್ತಾದರು ನಗದೆ, "ಹೌದು, ನಿನ್ನ ಕಾಲಿಂದು," ಎನ್ನುತ್ತಿದ್ದರು.

ತೊಂಬತ್ತರ ಸುಮಾರಿಗೆ ನಾನು ಸಿಂಧನೂರಿಗೆ ಬಂದೆ, ಶಂಕ್ರಪ್ಪ ಡಾಕ್ಟರ ದವಾಖಾನೆಗೆ. ಲಿಂಗಸುಗೂರಿಗೆ ಬರುತ್ತಿದ್ದವು ಮುರಿದ ಕೈಕಾಲುಗಳು. ಸಿಂಧನೂರಿಗೆ ಬರುತ್ತಿದ್ದುದು ತಲೆಗಳು. ಕಾಲುವೆ ನೀರು, ಭತ್ತ, ಭತ್ತದ ಲಾರಿ, ಟ್ರ್ಯಾಕ್ಟರು, ಅವುಗಳ ಸಂದಿಯಲ್ಲಿ ನುಸುಳುವ ಲೂನಾ ಮೊಪೆಡ್‌ಗಳು. ಸುಗ್ಗಿಯಲ್ಲಿ ದಿನಕ್ಕೊಂದು ತಲೆ ಖಾಯಂ. ದಪ್ಪ ರುಮಾಲು ಸುತ್ತಿದ ಮುದುಕರು ಲೂನಾದಿಂದ ಬಿದ್ದರೂ ಬೈಯುತ್ತಾ ನಡೆದು ಬರುತ್ತಿದ್ದರು. ಬೈತಲೆ ತೆಗೆದು ಎಣ್ಣೆ ಹಚ್ಚಿ ಬರಿತಲೆಯಲ್ಲಿ ಓಡಾಡುವವರನ್ನು ಮಾತ್ರ ಹೊತ್ತು ತರಬೇಕಾಗುತ್ತಿತ್ತು.

ಸೇರಿದ ತಿಂಗಳೇ ಒಂದು ಎಡವಟ್ಟು ಮಾಡಿದೆ. ಸಂತೆಕಲ್ಲೂರಿನ ಒಬ್ಬನ ತಲೆಯ ಫಿಲಂನಲ್ಲಿ ಹೆಬ್ಬೆರಳಷ್ಟು ಬಿಳಿ ತುಂಡು ಕಂಡಿತು. "ಸರ್, ಎಲುಬಿನ ಚೂರು ಒಳಗ ಹೊಕ್ಕೈತಿ!" ಎಂದು ಓಡಿ ಹೋಗಿ ಹೇಳಿದೆ. ಡಾಕ್ಟರು ಊಟ ಬಿಟ್ಟು ಬಂದು ಗಾಯ ತೊಳೆದರು. ಚೂರು ಕರಗಿ ನೀರಿನ ಜೊತೆ ಹರಿದು ಹೋಯಿತು. ರಕ್ತ ನಿಲ್ಲಲಿ ಎಂದು ಅವರ ಮನೆಯವರು ಎಲೆ ಅಡಿಕೆಯ ಡಬ್ಬಿಯಲ್ಲಿದ್ದ ಸುಣ್ಣವನ್ನೆಲ್ಲ ಅರಿಶಿನದಲ್ಲಿ ಕಲಸಿ ಗಾಯಕ್ಕೆ ಮೆತ್ತಿದ್ದರು.

"ನೀಲವ್ವ," ಎಂದರು ಡಾಕ್ಟರು ಕೈ ಒರೆಸಿಕೊಳ್ಳುತ್ತಾ, "ಇನ್ನ ಮ್ಯಾಲ ತಲಿ ತೊಳದು ಫೋಟೊ ತಗಿ. ಇಲ್ಲಂದ್ರ ಎಲಿ ಅಡಿಕಿನೂ ಕಂಡೀತು."

ಶಂಕ್ರಪ್ಪ ಡಾಕ್ಟರು ಸಿಡುಕರು. ಆದರೆ ಕಲಿಸುವುದರಲ್ಲಿ ಜಿಪುಣತನ ಇರಲಿಲ್ಲ. ಚುಕ್ಕೆಯ ಗುಟ್ಟು ಹೇಳಿಕೊಟ್ಟವರೂ ಅವರೇ. "ಬುರುಡಿ ಒಡದೈತಿ ಇಲ್ಲೋ ಅನ್ನೂದು ದೊಡ್ಡದಲ್ಲ. ಬುರುಡಿ ಗಟ್ಟಿ ಇದ್ದು ಒಳಗ ರಕ್ತ ಸೋರಿದ್ರ ಅದು ದೊಡ್ಡದು. ರಕ್ತ ಒಂದು ಕಡಿ ತುಂಬಿದ್ರ ಮಿದುಳನ್ನ ಇನ್ನೊಂದು ಕಡಿಗೆ ನೂಕ್ತೈತಿ. ಆವಾಗ ನಡುವಿನ ಚುಕ್ಕಿ ಸರೀತೈತಿ. ರಕ್ತ ನಮಗ ಕಾಣೂದಿಲ್ಲ, ಚುಕ್ಕಿ ಕಾಣ್ತೈತಿ."

ಅಂದಿನಿಂದ ನನಗೆ ಚುಕ್ಕೆಯ ಹುಚ್ಚು. ಪ್ರತಿ ತಲೆಯನ್ನೂ ಅಳತೆಪಟ್ಟಿ ಹಿಡಿದು ನೋಡುತ್ತಿದ್ದೆ. ಹುಚ್ಚು ಹಿಡಿದವರಿಗೆ ಆಗಬೇಕಾದ್ದೇ ಆಯಿತು. ಗುರುಗುಂಟಾದ ಒಬ್ಬ ಶಾಲೆ ಮಾಸ್ತರರು ಸೈಕಲ್ ಮೇಲಿಂದ ಬಿದ್ದು ಬಂದರು. ಅವರ ಚುಕ್ಕೆ ಪಕ್ಕಕ್ಕೆ ಸರಿದಿತ್ತು. ನಾನು ಊರೇ ಮುಳುಗಿದಂತೆ ಕೂಗಿದೆ, ಡಾಕ್ಟರೂ ನನ್ನ ಮಾತು ನಂಬಿದರು. ಸಿ.ಟಿ. ಯಂತ್ರ ಇದ್ದದ್ದು ದೂರದ ಹೈದರಾಬಾದಿನಲ್ಲಿ. ಮಾಸ್ತರರನ್ನು ಮಲಗಿಸಿಕೊಂಡು ಹೆಂಡತಿ, ತಮ್ಮ, ಇಬ್ಬರು ಷಡ್ಡಕರು ಜೀಪಿನಲ್ಲಿ ಅಳುತ್ತಾ ಹೋದರು. ನಾಲ್ಕನೇ ದಿನ ಎಲ್ಲರೂ ನಗುತ್ತಾ ಬಂದರು. ಚಾರ್‌ಮಿನಾರ್ ನೋಡಿ ಬಳೆ ಇಡಿಸಿಕೊಂಡು ಬಂದಿದ್ದರು.

ಮಾಸ್ತರರು ಕಾಗದ ತೋರಿಸಿ, "ನನ್ನ ತಲಿಯೊಳಗ ಏನೂ ಇಲ್ಲಂತ ಹೈದ್ರಾಬಾದಿನವ್ರು ಬರದು ಕೊಟ್ಟಾರ್ರಿ," ಎಂದರು.

ಅವರ ಹೆಂಡತಿ, "ಇದನ್ನ ಕೇಳಾಕ ಅಷ್ಟು ದೂರ ಹೋಗಬೇಕಾಗಿತ್ತ? ನನ್ನ ಕೇಳಿದ್ರ ಗುರುಗುಂಟಾದಾಗ ಹೇಳ್ತಿದ್ದೆ," ಎಂದಳು.

ಎಲ್ಲರೂ ನಕ್ಕರು, ಡಾಕ್ಟರು ನಗಲಿಲ್ಲ. ನನ್ನ ಫಿಲಂ ತೆಗೆದು ಬೆಳಕಿಗೆ ಹಿಡಿದರು. ಆಗ ನನಗೂ ಕಂಡಿತು. ಮಾಸ್ತರರ ತಲೆಯನ್ನೇ ನಾನು ವಾರೆಯಾಗಿ ಇಟ್ಟಿದ್ದೆ. ತಲೆ ತಿರುಗಿದ್ದರೆ ಚುಕ್ಕೆಯೂ ಸರಿದಂತೆ ಕಾಣುತ್ತದೆ. ಸರಿದದ್ದು ಮಿದುಳಲ್ಲ, ಮಾಸ್ತರರ ಮೂಗು.

"ಇವತ್ತಿನಿಂದ ಫೋಟೊ ತಗಿಯೂದು ನಿನ್ನ ಕೆಲಸ. ಓದೂದು ನನ್ನ ಕೆಲಸ. ತಿಳೀತಿಲ್ಲೋ?" ಎಂದರು ಡಾಕ್ಟರು.

"ತಿಳೀತ್ರಿ ಸರ್," ಎಂದೆ. ಆದರೂ ಕದ್ದು ಓದುವುದನ್ನು ಬಿಡಲಿಲ್ಲ.

ಇದಾಗಿ ಆರು ತಿಂಗಳಿಗೆ ಅಮರಪ್ಪ ಬಂದ. ಪಾಮನಕಲ್ಲೂರಿನ ಕುರಿಗಾರ. ನಲವತ್ತು ದಾಟಿದ ಒಣಕಲು ಆಳು. ಹಿಂದೆ ಅವನ ಹೆಂಡತಿ ದುರುಗಮ್ಮ. ಎರಡು ದಿನದ ಹಿಂದೆ ಮಸ್ಕಿ ಹತ್ತಿರ ಯಾರದೋ ಲೂನಾದ ಹಿಂದೆ ಕೂತು ಬರುವಾಗ ಟ್ರ್ಯಾಕ್ಟರಿನ ಟ್ರಾಲಿಗೆ ತಾಗಿ ಬಿದ್ದಿದ್ದ. ಎದ್ದು ಮಣ್ಣು ಕೊಡವಿಕೊಂಡು ಮನೆಗೆ ಹೋಗಿ ರೊಟ್ಟಿ ತಿಂದಿದ್ದ. ಈಗ ತಲೆನೋವು. ಬೆಳಿಗ್ಗೆ ಒಮ್ಮೆ ವಾಂತಿ.

"ಏನೂ ಆಗಿಲ್ರಿ ನನಗ. ಇಕಿ ಎಳಕೊಂಡು ಬಂದಾಳ," ಎಂದ ಅಮರಪ್ಪ.

"ಏನೂ ಆಗಿಲ್ಲಾದ್ರ ನಿನ್ನೆ ಕುರಿ ಎಣಿಸೋವಾಗ ಮೂರು ಸಲ ಯಾಕ ತಪ್ಪಿದಿ?" ಎಂದಳು ದುರುಗಮ್ಮ. "ಸರ್, ಇಂವ ನನ್ನ ಹೆಸರು ಮರೆತರೂ ಕುರಿ ಲೆಕ್ಕ ತಪ್ಪಾಂವಲ್ಲ."

ಡಾಕ್ಟರು ಮಂಚದ ಮೇಲೆ ಮಲಗಿಸಿ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಕೈ ಹಿಸುಕಿಸಿ ನೋಡಿದರು. ಎಲ್ಲ ಸರಿ ಎನಿಸಿತು. ಬಿಸಿಲಿನ ತಾಪ ಇರಬೇಕು, ಯಾವುದಕ್ಕೂ ಒಂದು ಫೋಟೊ ಇರಲಿ ಎಂದು ನನ್ನ ಕೋಣೆಗೆ ಕಳಿಸಿದರು.

ಅಮರಪ್ಪ ನಡೆದೇ ಬಂದ. ಬಂದವನ ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲಲ್ಲಿ ಇರಲಿಲ್ಲ.

"ಇನ್ನೊಂದು ಚಪ್ಪಲಿ ಎಲ್ಲಿ ಬಿಟ್ಟಿಯಪ?" ಎಂದೆ.

"ಕಾಲಾಗ ಐತೆಲ್ಲ."

"ನೋಡಿಕೋ."

ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಹಿಂದೆ ನಡುದಾರಿಯಲ್ಲಿ ಎಡಗಾಲಿನ ಚಪ್ಪಲಿ ಮಗುಚಿ ಬಿದ್ದಿತ್ತು. ಕಾಲಿನಿಂದ ಜಾರಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ದುರುಗಮ್ಮ ಅದನ್ನು ತಂದು ಅವನ ಕಾಲಿನ ಹತ್ತಿರ ಇಟ್ಟಳು.

ಫಿಲಂ ತೆಗೆದೆ, ನಾಲ್ಕು ನುಡಿ ಹಾಡಿದೆ. ಬುರುಡೆಯಲ್ಲಿ ಒಂದು ಕೂದಲೆಳೆಯ ಬಿರುಕೂ ಇಲ್ಲ. ಆದರೆ ಚುಕ್ಕೆ ನಡುವಿನಿಂದ ಎಡಕ್ಕೆ ಒಂದು ಜೋಳದ ಕಾಳಿನಷ್ಟು ಸರಿದಿತ್ತು.

ಹಸಿ ಫಿಲಂ ಹಿಡಿದು ಡಾಕ್ಟರ ಮುಂದೆ ನಿಂತೆ. "ಸರ್, ಚುಕ್ಕಿ ಸರದೈತಿ."

"ಗುರುಗುಂಟಾದ ಮಾಸ್ತರಂದೂ ಸರದಿತ್ತು."

"ಇಂವಂದು ಚಪ್ಪಲಿನೂ ಬಿದ್ದೈತ್ರಿ. ಅವನಿಗೆ ಗೊತ್ತಾಗಿಲ್ಲ. ಎಡಗಾಲಿಂದು. ಚುಕ್ಕಿ ಸರದಿದ್ದೂ ಎಡಕ್ಕ. ಎಡಗಾಲು ಆಡಸೂದು ಬಲಗಡಿ ಮಿದುಳು, ಬಲಕ್ಕ ರಕ್ತ ಇದ್ರ ಹಿಂಗ ಅಲ್ಲೇನ್ರಿ ಆಗಬೇಕು?"

ಡಾಕ್ಟರು ತಲೆ ಎತ್ತಿದರು. ಫಿಲಂ ನೋಡಿದರು, ನನ್ನನ್ನು ನೋಡಿದರು. "ನೀ ತಲಿ ನೆಟ್ಟಗ ಇಟ್ಟೀಯಂತ ಹೆಂಗ ನಂಬಲಿ? ಎಂಟು ತಾಸು ಜೀಪಿನ್ಯಾಗ ಒಬ್ಬ ಮನಷ್ಯಾನ್ನ ಕುಲುಕಿಸಿಕೊಂತ ಕಳಸಬೇಕು. ಮತ್ತ ಚಾರ್‌ಮಿನಾರ್ ನೋಡಿ ಬಂದ್ರ ಈ ಸೀಮ್ಯಾಗ ಯಾರೂ ನಮ್ಮ ಮಾತು ಕೇಳೂದಿಲ್ಲ. ನಾಳೆ ಖರೇನ ಸಾಯಾಂವನೂ ಹೋಗೂದಿಲ್ಲ."

ಅವರ ಮಾತು ತಪ್ಪಾಗಿರಲಿಲ್ಲ. ಅತ್ತ ಅಮರಪ್ಪ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡಿದ್ದ. ಅವತ್ತು ಒಬ್ಬರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟಿದ್ದನಂತೆ. ಒಂದು ಗುಳಿಗೆ ಕೊಟ್ಟರೆ ಸಾಕು, ಮಸ್ಕಿ ಬಸ್ಸು ಹಿಡಿಯುತ್ತೇನೆ ಎನ್ನುತ್ತಿದ್ದ. ಬಸ್ಸು ಹತ್ತಿದರೆ ಅವನು ಇಳಿಯುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ನನ್ನ ಮನಸ್ಸು ಮಾಸ್ತರರ ಸಲವೂ ಹಾಗೇ ಹೇಳಿತ್ತಲ್ಲ!

"ಇನ್ನೊಂದು ಫೋಟೊ ತಗೀತೀನ್ರಿ," ಎಂದೆ.

"ಡಬ್ಬಿಯಾಗ ಎಷ್ಟು ಫಿಲಂ ಅದಾವ?"

"ಒಂದು."

ಹೊಸ ಡಬ್ಬಿ ಮರುದಿನ ರಾಯಚೂರಿನಿಂದ ಬರಬೇಕಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಲಿ ನೆಟ್ಟಗ ಇತ್ತು ಅಂತ ಆ ಫಿಲಂನೇ ಹೇಳಬೇಕು, ನೀನಲ್ಲ. ಹಂಗ ತಗಿಯಾಕ ಬರ್ತೈತೇನು?"

"ಬರ್ತೈತ್ರಿ," ಎಂದುಬಿಟ್ಟೆ. ಹೇಗೆ ಎಂದು ನನಗೆ ಗೊತ್ತಿರಲಿಲ್ಲ.

ಕೋಣೆಗೆ ಬಂದು ಗೋಡೆಗೆ ಒರಗಿ ಯೋಚಿಸಿದೆ. ಹುಬ್ಬುಗಳ ನಡುವೆ ಒಂದು ಗುರುತು, ಹಿಂದಲೆಯ ನಡುಗುಬ್ಬಿಯ ಮೇಲೆ ಒಂದು ಗುರುತು. ತಲೆ ನೆಟ್ಟಗಿದ್ದರೆ ಎರಡೂ ಫಿಲಂನಲ್ಲಿ ಒಂದರ ಕೆಳಗೊಂದು, ದಾರ ಹಿಡಿದಂತೆ ಬರುತ್ತವೆ. ವಾರೆಯಾಗಿದ್ದರೆ ಒಂದು ಅತ್ತ, ಒಂದು ಇತ್ತ. ಗುರುತು ಲೋಹದ್ದಾಗಿರಬೇಕು, ಸಣ್ಣದಿರಬೇಕು, ಗುಂಡಗಿರಬೇಕು. ಕೂದಲಿನ ಪಿನ್ನು ಉದ್ದ. ನಾಣ್ಯ ಹಾಕಿದರೆ ಚುಕ್ಕೆಯೇ ಮುಚ್ಚಿಹೋಗುತ್ತದೆ. ಯೋಚನೆ ಬಂದಾಗಲೆಲ್ಲ ಕೊರಳ ಸರ ತಿರುವುವುದು ನನ್ನ ಚಟ. ತಿರುವುತ್ತಾ ತಿರುವುತ್ತಾ ಬೆರಳಿಗೆ ಸಿಕ್ಕವು ನೋಡಿ, ತಾಳಿಯ ಅತ್ತ ಇತ್ತ ಇರುವ ಎರಡು ಬಂಗಾರದ ಗುಂಡು.

ನಾನು ದಾರ ಬಿಚ್ಚುವುದನ್ನು ನೋಡಿ ದುರುಗಮ್ಮ ಹೌಹಾರಿದಳು. "ಯಕ್ಕಾ! ತಾಳಿ ಯಾಕ ಬಿಚ್ಚಾಕತ್ತಿ ಬೇ? ಬೇಕಾದ್ರ ನಂದು ತಗೋ!"

"ನಿಂದು ಇವತ್ತ ಅಲ್ಲೇ ಇರಲಿ," ಎಂದೆ. "ನನ್ನ ಗಂಡ ಮನ್ಯಾಗ ಗಟ್ಟಿಮುಟ್ಟಾಗಿ ಅದಾನ, ಒಂದು ತಾಸಿಗೆ ಏನೂ ಆಗೂದಿಲ್ಲ."

ಎರಡು ಗುಂಡು ತೆಗೆದು ಉಳಿದದ್ದನ್ನು ಗಂಟು ಹಾಕಿ ಮತ್ತೆ ಕೊರಳಿಗೆ ಏರಿಸಿದೆ. ಒಂದು ಗುಂಡನ್ನು ಅಮರಪ್ಪನ ಹುಬ್ಬುಗಳ ನಡುವೆ ಅಂಟುಪಟ್ಟಿಯಿಂದ ಅಂಟಿಸಿದೆ, ಇನ್ನೊಂದನ್ನು ಹಿಂದಲೆಗೆ.

"ಇದೇನು ಯಕ್ಕಾ, ನನಗ ಬಾಸಿಂಗ ಕಟ್ಟಾಕತ್ತಿಯೇನು?" ಎಂದ. ನಾಲಿಗೆ ಆಗಲೇ ಸ್ವಲ್ಪ ಎಳೆಯುತ್ತಿತ್ತು.

"ಹೌದಪ. ಮದುಮಗ ಅಲುಗಾಡಬಾರದು."

ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟೆ. ಮೂಗಿನ ನೇರಕ್ಕೆ ದಾರ ಇಳಿಬಿಟ್ಟು ನೋಡಿದೆ. ನನ್ನ ಉಸಿರನ್ನೂ ಹಿಡಿದು ಗುಂಡಿ ಒತ್ತಿದೆ. ಕತ್ತಲೆ ಕೋಣೆಗೆ ಹೋಗಿ ಫಿಲಂ ಅದ್ದಿ ಹಾಡಲು ಶುರು ಮಾಡಿದೆ. ಅವಸರಕ್ಕೆ ನುಡಿ ಓಡತೊಡಗಿತು. ನುಡಿ ಓಡಿದರೆ ಫಿಲಂ ಕೆಡುತ್ತದೆ. ಬೀಸುವ ಕಲ್ಲು ತಿರುಗಿಸುತ್ತಿದ್ದೇನೆ ಎಂದುಕೊಂಡು ಬಲಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಾ ನಿಧಾನವಾಗಿ, ಎತ್ತರದ ದನಿಯಲ್ಲಿ ಹಾಡಿದೆ.

ಹೊರಗಿನಿಂದ ದುರುಗಮ್ಮ ಬಾಗಿಲು ಬಡಿದಳು. "ನನ್ನ ಗಂಡನ ತಲಿ ಸಿಡ್ಯಾಕತ್ತೈತಿ, ಇಕಿ ಒಳಗ ಹಾಡ್ಯಾಡಾಕತ್ತಾಳ! ಯಾರರ ಕೇಳೋರು ಅದೀರೇನ್ರಿ ಇಲ್ಲಿ?"

ಮೂರನೇ ನುಡಿ. ನಿಲ್ಲಿಸುವ ಹಾಗಿಲ್ಲ. ಬಾಗಿಲು ತೆರೆಯುವ ಹಾಗೂ ಇಲ್ಲ. ತೆರೆದರೆ ಬೆಳಕು ಬಿದ್ದು ಕೊನೆಯ ಫಿಲಂ ಕರ್ರಗೆ. ನಾಲ್ಕನೇ ನುಡಿಯ ಕೊನೆಯ ಸಾಲನ್ನು ಹಾಡಿದೆನೋ ಅತ್ತೆನೋ ನೆನಪಿಲ್ಲ.

ನೀರು ಸೋರುವ ಫಿಲಂ ಅನ್ನು ಡಾಕ್ಟರು ಕಿಟಕಿಯ ಬಿಸಿಲಿಗೆ ಹಿಡಿದರು. ನೀರು ಅವರ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು, ಅವರಿಗೆ ಗಮನವಿಲ್ಲ. ಎರಡು ಗುಂಡುಗಳು ಒಂದರ ಕೆಳಗೊಂದು, ಗೆರೆ ಕೊರೆದಂತೆ ನಿಂತಿದ್ದವು. ಚುಕ್ಕೆ ಆ ಗೆರೆಯ ಮೇಲಿರಲಿಲ್ಲ. ಎಡಕ್ಕೆ, ಅದೇ ಜೋಳದ ಕಾಳಿನಷ್ಟು ದೂರದಲ್ಲಿತ್ತು.

ಡಾಕ್ಟರು ಅಳತೆಪಟ್ಟಿ ಕೇಳಲಿಲ್ಲ. "ಜೀಪ್ ತಗೀರಿ!" ಎಂದು ಕೂಗಿದರು. ಚೀಟಿ ಬರೆದರು, ಸೂಜಿ ಹಾಕಿದರು, ಕಾಂಪೌಂಡರನ್ನೂ ಜೊತೆಗೆ ಹತ್ತಿಸಿದರು. ಫಿಲಂ ಇನ್ನೂ ಒಣಗಿರಲಿಲ್ಲ. ಸುತ್ತಿ ಇಟ್ಟರೆ ಅಂಟಿಕೊಳ್ಳುತ್ತದೆ, ಒಣಗಲಿ ಎಂದು ಕಾಯುವ ಹೊತ್ತು ಅದಲ್ಲ. ಕ್ಲಿಪ್ಪು ಸಮೇತ ದುರುಗಮ್ಮನ ಕೈಗೆ ಕೊಟ್ಟು, "ಗಾಳಿಗೆ ಹಿಡಕೊಂಡು ಕೂಡು, ಎಲ್ಲಿಗೂ ತಾಗಿಸಬ್ಯಾಡ," ಎಂದೆ. ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ತಲೆಯ ಚಿತ್ರವನ್ನು ಜೀಪಿನ ಹೊರಗೆ ಬಾವುಟದಂತೆ ಹಿಡಿದುಕೊಂಡು ಹೋದಳು. ಫಿಲಂ ಒಣಗಿ ಗಂಟೆಗಳಾದರೂ ಕೈ ಒಳಗೆ ತೆಗೆಯಲಿಲ್ಲವಂತೆ. ಒಣಗಿದ ಮೇಲೆ ತೆಗೆಯಬಹುದು ಎಂದು ನಾನು ಹೇಳಿರಲಿಲ್ಲವಲ್ಲ!

ಜೀಪು ಕಣ್ಮರೆಯಾದ ಮೇಲೆ ಕೊರಳು ಮುಟ್ಟಿಕೊಂಡೆ. ಗುಂಡುಗಳು ಅಮರಪ್ಪನ ತಲೆಗೇ ಅಂಟಿಕೊಂಡು ಹೈದರಾಬಾದಿಗೆ ಹೊರಟಿದ್ದವು.

ಮನೆಯಲ್ಲಿ ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ? "ಗುಂಡು ಎಲ್ಲಿ ಕಳದಿ ಬೇ?" ಎಂದು ಕೇಳಿದರು. "ಒಬ್ಬಾಂವನ ಹಣಿಗೆ ಹಚ್ಚಿ ಕಳಿಸೀನಿ ಅತ್ತಿ," ಎಂದೆ. ಅತ್ತೆ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಆ ಮೂರು ದಿನವೂ ಡಾಕ್ಟರು, ನಾನು ದವಾಖಾನೆಯ ಫೋನಿನ ಸುತ್ತ ಬೆಕ್ಕಿನಂತೆ ಸುಳಿದಾಡಿದೆವು. ಅದು ಹೊಡೆದಾಗ ಡಾಕ್ಟರೇ ಎತ್ತಿದರು. ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ಕೂತರು. ಬಲಗಡೆ ಹೆಪ್ಪುಗಟ್ಟಿದ ರಕ್ತ ಇತ್ತಂತೆ, ಬುರುಡೆಗೆ ತೂತು ಕೊರೆದು ತೆಗೆದರಂತೆ, ಅಮರಪ್ಪ ಎದ್ದು ಕೂತು ಕುರಿಯ ವಿಚಾರ ಕೇಳುತ್ತಿದ್ದಾನಂತೆ.

ಡಾಕ್ಟರು ಫೋನಿಟ್ಟು ನನ್ನನ್ನು ಹೊಗಳುತ್ತಾರೆ ಎಂದು ನಿಂತೇ ಇದ್ದೆ. "ಫಿಲಂ ಡಬ್ಬಿ ಬಂದೈತಿ, ಎಣಿಸಿ ಇಟ್ಕೋ," ಎಂದರು. ಆಮೇಲೆ ಬಾಗಿಲ ಹತ್ತಿರ ಹೋಗಿ ತಿರುಗಿ, "ಬಂದೂಕಿನ ಎರಡು ಸಣ್ಣ ಛರ್ರಾ ಗುಂಡು ತರಸ್ತೀನಿ. ದಿನಾ ತಾಳಿ ಬಿಚ್ಚಿದ್ರ ನಿನ್ನ ಗಂಡ ನನ್ನ ಮ್ಯಾಲ ಕೇಸ್ ಹಾಕ್ಯಾನು," ಎಂದರು. ಅಂದಿನಿಂದ ಆ ದವಾಖಾನೆಯಲ್ಲಿ ಪ್ರತಿ ತಲೆಗೂ ಎರಡು ಗುಂಡು ಅಂಟಿಸಿಯೇ ಫೋಟೊ. ಸಿ.ಟಿ. ಹತ್ತಿರದ ಊರುಗಳಿಗೆ ಬರುವ ತನಕ ಅದೇ ನಮ್ಮ ಪದ್ಧತಿ. ಸಿ.ಟಿ. ಬಂದ ದಿನ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಖುಷಿಯೇ ಆಯಿತು. ನಾನು ನೆರಳು ನೋಡಿ ಊಹಿಸುತ್ತಿದ್ದುದನ್ನು ಅದು ಮುಖಾಮುಖಿ ತೋರಿಸಿತು. ಆದರೆ ಮಕ್ಕಳೇ, ಯಂತ್ರದೊಳಗೆ ಹೋಗುವವನ ಕಾಲಲ್ಲಿ ಎರಡೂ ಚಪ್ಪಲಿ ಇವೆಯೋ ಇಲ್ಲವೋ ಎಂದು ಯಂತ್ರ ನೋಡುವುದಿಲ್ಲ. ಅದನ್ನು ನೀವೇ ನೋಡಬೇಕು.

ಆ ಜೀಪು ಹೋಗಿ ಎರಡು ತಿಂಗಳಾದ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಅಮರಪ್ಪನ ತಲೆಯಲ್ಲಿ ಕೂದಲು ಮೊಳಕೆಯೊಡೆದಿತ್ತು, ಬಲಗಡೆ ಲಾಳದ ಆಕಾರದ ಗುರುತು. ಎರಡೂ ಕಾಲಲ್ಲಿ ಚಪ್ಪಲಿ. ನನಗೊಂದು ಕರಿ ಕಂಬಳಿ ತಂದಿದ್ದ, ಅವನೇ ಉಣ್ಣೆ ಕತ್ತರಿಸಿ ನೇಯಿಸಿದ್ದು. ಡಾಕ್ಟರ ಕಾಲಿಗೆ ಬೀಳಲು ಹೋಗಿ ಬೈಸಿಕೊಂಡ. ದುರುಗಮ್ಮ ಸೆರಗಿನ ಗಂಟು ಬಿಚ್ಚಿ ಗುಂಡುಗಳನ್ನು ನನ್ನ ಅಂಗೈಯಲ್ಲಿಟ್ಟಳು. ಯಂತ್ರದೊಳಗೆ ತೂರಿಸುವ ಮೊದಲು ಅಲ್ಲಿಯವರು ಅವನ್ನು ಕಿತ್ತು, ಇದು ಯಾವ ದೇವರ ಹರಕೆ ಎಂದು ಕೇಳಿದರಂತೆ. "ದೇವರದಲ್ರಿ, ಸಿಂಧನೂರಿನ ಫೋಟೊದಾಕಿದು," ಎಂದಳಂತೆ ಇವಳು.

ಅಷ್ಟರಲ್ಲಿ ಅಮರಪ್ಪ ಬಾಯಿ ಹಾಕಿದ. ಇವಳು ಕಂಬಳಿ ಮಡಿಸಿದ್ದು ಸರಿಯಿಲ್ಲ, ಬಸ್ಸಿನಲ್ಲಿ ಕೂತ ಜಾಗ ಸರಿಯಿಲ್ಲ, ಬುತ್ತಿಗೆ ಖಾರ ಕಡಿಮೆ. ದುರುಗಮ್ಮ ಸೊಂಟದ ಮೇಲೆ ಕೈ ಇಟ್ಟು ಎಲ್ಲ ಕೇಳಿಸಿಕೊಂಡಳು. ನಾನು ದೊಡ್ಡಸ್ತಿಕೆಯಿಂದ, "ಸಿಟ್ಟಾಗಬ್ಯಾಡ ದುರುಗಮ್ಮ, ಕಷ್ಟಪಟ್ಟು ಉಳಿಸೀವಿ, ಇನ್ನ ಮ್ಯಾಲ ಚಲೋತ್ನಾಗ ನೋಡಿಕೋ," ಎಂದೆ.

ಅವಳು ನನ್ನ ಕಡೆ ತಿರುಗಿದಳು.

"ತಲಿಗೆ ತೂತು ಬಿದ್ದ ಮ್ಯಾಲ ಇವನ ಬಾಯಿ ಎರಡರಷ್ಟು ಆಗೈತಿ ಯಕ್ಕಾ. ನಾನೊಬ್ಬಾಕಿನ ಯಾಕ ನೋಡಿಕೋಬೇಕು? ನಿನ್ನ ತಾಳಿಗುಂಡೂ ಇವನ ಹಣಿಗೆ ಬಿದ್ದಾವಲ್ಲ! ಹದಿನೈದು ದಿನ ನಾ ಇಟ್ಕೋತೀನಿ, ಹದಿನೈದು ದಿನ ನೀ ಇಟ್ಕೋ."